ಕಥೆ ಅವರಿಗೂ ಗೊತ್ತು ಮಂಜು

ಪ್ರೀತಿಯ ಮಂಜು,

ಐಎಎಸ್‌ ಪರೀಕ್ಷೆಯ ಕನ್ನಡ ಸಾಹಿತ್ಯ ಪತ್ರಿಕೆಗೆ ಅಭ್ಯಾಸ ಅಂತ ನೀನು ಬರೆದು ಕಳಿಸಿದ ಎರಡೂ ಉತ್ತರಗಳನ್ನು ಓದಿದೆ. ಒಂದು ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ಮೇಲಿನದು, ಇನ್ನೊಂದು ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕದ ಮೇಲಿನದು. ಅಕ್ಷರ ದುಂಡಗಿದೆ, ಭಾಷೆಯಲ್ಲಿ ತಪ್ಪಿಲ್ಲ. ಆದರೆ ಎರಡರಲ್ಲೂ ಮುಕ್ಕಾಲು ಪಾಲು ಬರೀ ಕಥೆ. ಪತ್ರಿಕೆ ತಿದ್ದುವವರಿಗೆ ಕಥೆ ಗೊತ್ತಿರುತ್ತೆ ಮಾರಾಯ. ವರ್ಷಗಟ್ಟಲೆ ಅದನ್ನೇ ಪಾಠ ಮಾಡಿ ಬಂದವರು ಅವರು. ಅವರಿಗೆ ನೀನು ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ದೌಲತಾಬಾದಿಗೆ ರಾಜಧಾನಿ ಬದಲಿಸಿದ ಅಂತ ಒಂದು ಪುಟ ಹೇಳಿದರೆ ಏನು ಸಿಕ್ಕೀತು?

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ನೀನು ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿರುವುದು ಯಾಕೆಂದರೆ ನಮ್ಮ ಎಂಎ ಹುಡುಗರೂ ಇದನ್ನೇ ಕೇಳುತ್ತಿರುತ್ತಾರೆ. ನಿನ್ನ ಹೆಸರು ನೋಡಿ ಯಾರೂ ನಿನ್ನನ್ನು ಗುರುತು ಹಿಡಿಯಲ್ಲ ಬಿಡು, ವಿಜಯನಗರದ ಒಂದೊಂದು ಪಿಜಿಯಲ್ಲೂ ಐಎಎಸ್‌ಗೆ ಓದುವ ಒಬ್ಬ ಮಂಜು ಇರುತ್ತಾನೆ.

ಮೊದಲು ಲೆಕ್ಕ ನೋಡು. ಒಂದು ಪತ್ರಿಕೆಗೆ 250 ಅಂಕ, ಮೂರು ಗಂಟೆ. ಅಂದರೆ 20 ಅಂಕದ ಪ್ರಶ್ನೆಗೆ ಹದಿನಾಲ್ಕು ನಿಮಿಷ ಚಿಲ್ಲರೆ, 15 ಅಂಕದ್ದಕ್ಕೆ ಹನ್ನೊಂದೂ ಇಲ್ಲ. ಅದರಲ್ಲಿ ಎರಡು ನಿಮಿಷ ಪ್ರಶ್ನೆ ಓದಿ ಯೋಚನೆ ಮಾಡೋಕೆ ಬೇಕು. ಉಳಿದ ಹೊತ್ತಿನಲ್ಲಿ ಹದಿಮೂರು ದೃಶ್ಯಗಳ ನಾಟಕದ ಕಥೆ ಹೇಳಿ, ಆಮೇಲೆ ವಿಮರ್ಶೆ ಮಾಡುತ್ತೇನೆ ಅಂತ ಹೊರಟರೆ ವಿಮರ್ಶೆಗೆ ಬರುವಾಗ ಗಂಟೆ ಹೊಡೆದಿರುತ್ತದೆ. ನಿನ್ನ ಉತ್ತರದಲ್ಲಿ ಆಗಿರೋದೂ ಅದೇ. ಒಳ್ಳೆಯ ಮಾತು ಎಲ್ಲಾ ಕೊನೆಯ ಐದು ಸಾಲಿನಲ್ಲಿ ಇವೆ. ವೇಷ ಬದಲಿಸುತ್ತಾ ಹೋಗುವ ಅಗಸ ಅಜೀಜ್‌ನ ಬಗ್ಗೆ ನೀನು ಬರೆದ ಒಂದು ಸಾಲು ನಿಜವಾಗಿಯೂ ಚೆನ್ನಾಗಿತ್ತು. ಅದು ಮೊದಲು ಬರಬೇಕಿತ್ತು.

ಇನ್ನೊಂದು ರೋಗ ಇದೆ, ಅದು ನಿನ್ನೊಬ್ಬನದಲ್ಲ. ನಮ್ಮಲ್ಲಿ ಮೌಲ್ಯಮಾಪನಕ್ಕೆ ಕೂತಾಗ ಪತ್ರಿಕೆ ಮೇಲೆ ಪತ್ರಿಕೆ ಹೀಗೇ ಶುರುವಾಗುತ್ತದೆ: ಕಾರ್ನಾಡರು 1938ರಲ್ಲಿ ಮಾಥೇರಾನದಲ್ಲಿ ಹುಟ್ಟಿದರು, 1998ರಲ್ಲಿ ಜ್ಞಾನಪೀಠ ಬಂತು, ಅವರ ಇತರ ನಾಟಕಗಳು ಇಂತಿಂಥವು. ಎಲ್ಲಾ ಸರಿಯೇ. ಆದರೆ ಪ್ರಶ್ನೆ ಕೇಳಿದ್ದು ತುಘಲಕನ ಪಾತ್ರದ ಬಗ್ಗೆ. ಗೈಡ್ ಬರೆದವರು ಈ ಪೀಠಿಕೆಯನ್ನು ಎಲ್ಲಾ ನಾಟಕಕ್ಕೂ ಅಂಟಿಸಿಬಿಟ್ಟಿದ್ದಾರೆ, ಹುಡುಗರು ಅದನ್ನು ಮಂತ್ರದ ಹಾಗೆ ಒಪ್ಪಿಸುತ್ತಾರೆ. ತಿದ್ದುವವನ ಕಣ್ಣು ಅಲ್ಲಿ ನಿಲ್ಲೋದೇ ಇಲ್ಲ, ಸೀದಾ ಕೆಳಗೆ ಜಾರುತ್ತದೆ.

ಹಾಗಾದರೆ ಏನು ಬರೆಯಬೇಕು? ನಾನು ಹೇಳೋದು ಒಂದೇ ಮಾತು. ನಾಟಕ ಅಂದರೆ ಕಣ್ಣ ಮುಂದೆ ನಡೆಯುವಂಥದ್ದು. ರಂಗದ ಮೇಲೆ ಯಾರು ಇದ್ದಾರೆ, ಯಾರು ಯಾರ ವೇಷದಲ್ಲಿದ್ದಾರೆ, ನಮಗೆ ಗೊತ್ತಿರುವುದು ಅಲ್ಲಿರುವ ಯಾರಿಗೆ ಗೊತ್ತಿಲ್ಲ, ಮಾತು ಎಲ್ಲಿ ನಿಲ್ಲುತ್ತದೆ, ಯಾವುದು ಮತ್ತೆ ಮತ್ತೆ ಬರುತ್ತದೆ. ಇದನ್ನು ಹಿಡಿದರೆ ವಿಮರ್ಶೆ ತಾನಾಗಿ ಬರುತ್ತದೆ. ಇಡೀ ನಾಟಕ ಬೇಡ. ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದು ಅಗುಳು ಸಾಕು.

ನಮಾಜನ್ನೇ ತಗೋ. ಮೊದಲ ದೃಶ್ಯ, 1327, ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ಐದು ಹೊತ್ತು ನಮಾಜು ಮಾಡಲೇಬೇಕು ಎಂಬ ಸುಲ್ತಾನನ ಕಟ್ಟಳೆಯ ಮಾತು ಅಲ್ಲೇ ಬರುತ್ತದೆ. ಆರನೆಯ ದೃಶ್ಯಕ್ಕೆ ಬಾ. ಅಮೀರರು, ಅಂದರೆ ಆಸ್ಥಾನದ ಸರದಾರರು, ಸುಲ್ತಾನನನ್ನು ಕೊಲ್ಲೋಕೆ ಗೊತ್ತು ಮಾಡಿಕೊಂಡ ಹೊತ್ತು ನಮಾಜಿನದ್ದೇ. ಆಗ ಯಾರ ಕೈಯಲ್ಲೂ ಆಯುಧ ಇರಬಾರದು ಅಂತ ನಿಯಮ, ಅದೇ ಅವರಿಗೆ ಅನುಕೂಲ. ಅವರು ಕಠಾರಿ ತೆಗೆಯುತ್ತಾರೆ. ಪರದೆಯ ಹಿಂದಿನಿಂದ ಸುಲ್ತಾನನ ಹಿಂದೂ ಸೈನಿಕರು ಈಟಿ ಹಿಡಿದು ಬಂದು ಸುತ್ತುವರಿಯುತ್ತಾರೆ. ಗದ್ದಲ ಆಗುತ್ತದೆ. ಇಷ್ಟಾಗುತ್ತಿರುವಾಗ ಮಹಮ್ಮದ್ ಏನು ಮಾಡುತ್ತಿದ್ದಾನೆ? ನಮಾಜು ಮಾಡುತ್ತಲೇ ಇದ್ದಾನೆ. ಏನೂ ಆಗಿಲ್ಲವೆಂಬಂತೆ ಮುಗಿಸಿ ಏಳುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲು. ಇದು ಭಕ್ತಿಯೇ? ಎಲ್ಲಾ ಮೊದಲೇ ಗೊತ್ತಿದ್ದವನ ಲೆಕ್ಕಾಚಾರವೇ? ನಾಟಕಕಾರ ಬಾಯಿಬಿಟ್ಟು ಹೇಳಲ್ಲ. ನಟ ತನ್ನ ಬೆನ್ನಿನಲ್ಲಿ, ಬಗ್ಗುವ ಏಳುವ ವೇಗದಲ್ಲಿ ಹೇಳಬೇಕು. ಪರೀಕ್ಷೆಯಲ್ಲಿ ನೀನು ಇದನ್ನು ಒಂದು ಸಾಲಿನಲ್ಲಿ ಬರೆದರೂ ಸಾಕು, ಇವನು ನಾಟಕವನ್ನು ನಾಟಕ ಅಂತ ಓದಿದ್ದಾನೆ ಅಂತ ತಿದ್ದುವವನಿಗೆ ಗೊತ್ತಾಗುತ್ತದೆ.

ಮುಂದೆ ಆ ಪಿತೂರಿಯಲ್ಲಿದ್ದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿಯುತ್ತಾನೆ. ಒಂದು ಸಲ ಅಲ್ಲ, ಹುಚ್ಚು ಹಿಡಿದವನಂತೆ ಇರಿಯುತ್ತಲೇ ಇರುತ್ತಾನೆ. ಆಮೇಲೆ ಅದೇ ಬಾಯಲ್ಲಿ, ಶಿಹಾಬುದ್ದೀನ್ ಸುಲ್ತಾನನನ್ನು ಉಳಿಸಲು ಹೋಗಿ ಸತ್ತ ಅಂತ ಪ್ರಚಾರ ಮಾಡಿಸುತ್ತಾನೆ. ನಮಾಜನ್ನೇ ನಿಷೇಧಿಸುತ್ತಾನೆ. ಅದು ಮತ್ತೆ ಶುರುವಾಗೋದು ಯಾವಾಗ? ಖಲೀಫರ ವಂಶದ ಘಿಯಾಸುದ್ದೀನ್ ಅಬ್ಬಾಸಿದ್ ಬಂದಾಗ. ಆದರೆ ಬಂದವನು ಘಿಯಾಸುದ್ದೀನ್ ಅಲ್ಲ, ಅವನನ್ನು ಕೊಂದು ಅವನ ಬಟ್ಟೆ ತೊಟ್ಟ ಅಜೀಜ್. ಪವಿತ್ರ ಪುರುಷನ ವೇಷದ ಕೊಲೆಗಾರನಿಂದ ರಾಜ್ಯಕ್ಕೆ ಪ್ರಾರ್ಥನೆ ವಾಪಸ್ಸು! ನಾಟಕದ ಕೊನೆಯಲ್ಲಿ ನಮಾಜಿಗೆ ಕರೆಯುವ ಅಜಾನ್ ಕೇಳಿಸುತ್ತದೆ. ವರ್ಷಗಟ್ಟಲೆ ನಿದ್ದೆ ಇಲ್ಲದೆ ಒದ್ದಾಡಿದ ಸುಲ್ತಾನ ಆ ಹೊತ್ತಿಗೆ ಸಿಂಹಾಸನದ ಮೇಲೇ ತೂಕಡಿಸಿ ಮಲಗಿಬಿಟ್ಟಿದ್ದಾನೆ. ಕೂಗು ಮುಗಿದ ಮೇಲೆ ಕಣ್ಣು ಬಿಟ್ಟು, ತಾನೆಲ್ಲಿದ್ದೇನೆ ಅಂತ ತಿಳಿಯದವನ ಹಾಗೆ ಗಾಬರಿಯಿಂದ ಸುತ್ತ ನೋಡುತ್ತಾನೆ.

ಈ ಒಂದೇ ಎಳೆ ಸಾಕು ಮಂಜು. ‘ತುಘಲಕನ ಆದರ್ಶ ಮತ್ತು ವಾಸ್ತವದ ಸಂಘರ್ಷವನ್ನು ಚರ್ಚಿಸಿ’ ಅಂದರೂ ಇದೇ, ‘ಧರ್ಮ ಮತ್ತು ರಾಜಕಾರಣ’ ಅಂದರೂ ಇದೇ, ‘ನಾಟಕದ ರಚನಾ ವಿನ್ಯಾಸ’ ಅಂದರೂ ಇದೇ. ತಿರುಗಿಸಿ ಹಿಡಿಯೋದು ಗೊತ್ತಿರಬೇಕು ಅಷ್ಟೆ. ಮೊದಲನೆಯ ಪ್ರಶ್ನೆಗೆ ನಾನಾದರೆ ಹೀಗೆ ಶುರು ಮಾಡುತ್ತಿದ್ದೆ:

“ತುಘಲಕನ ಸೋಲು ಆದರ್ಶವಾದಿಯೊಬ್ಬ ವಾಸ್ತವಕ್ಕೆ ಡಿಕ್ಕಿ ಹೊಡೆದ ಸೋಲು ಮಾತ್ರವಲ್ಲ. ತನ್ನ ಆದರ್ಶವನ್ನು ತಾನೇ ಆಯುಧ ಮಾಡಿಕೊಂಡವನ ಸೋಲು. ನಾಟಕದಲ್ಲಿ ನಮಾಜು ಮೊದಲು ಕಟ್ಟಳೆಯಾಗಿ ಬರುತ್ತದೆ, ನಂತರ ಕೊಲೆಯ ಹೊಂಚಿಗೆ ಮುಸುಕಾಗುತ್ತದೆ, ಆಮೇಲೆ ನಿಷೇಧವಾಗುತ್ತದೆ, ಕೊನೆಗೆ ವೇಷಧಾರಿಯೊಬ್ಬನ ಹೆಸರಿನಲ್ಲಿ ಮರಳುತ್ತದೆ. ಪ್ರತಿ ಸಲವೂ ಅದನ್ನು ಬಳಸುವುದು ಅಧಿಕಾರವೇ.”

ನೋಡು, ಇದರಲ್ಲಿ ಕಥೆಯೂ ಇದೆ. ಆದರೆ ಅದು ವಾದಕ್ಕೆ ಪುರಾವೆಯಾಗಿ ಬಂದಿದೆ. ಓದುವವನಿಗೆ ‘ಇವನು ಏನು ಹೇಳ್ತಾನೆ’ ಅಂತ ಎರಡನೇ ಸಾಲಿಗೇ ಗೊತ್ತಾಯಿತು. ಮುಂದಿನ ಎರಡು ಪ್ಯಾರಾದಲ್ಲಿ ಆರನೆಯ ದೃಶ್ಯಕ್ಕೂ ಕೊನೆಯ ದೃಶ್ಯಕ್ಕೂ ಹೋಗಿ ತೋರಿಸಿದರೆ ಆಯಿತು. ಇದನ್ನೇ ಬಾಯಿಪಾಠ ಮಾಡಿಬಿಡಬೇಡ ಮತ್ತೆ! ನಿನ್ನದೇ ಎಳೆ ಹುಡುಕು. ಗುಲಾಬಿ ತೋಟ ಇದೆ, ಕೊನೆಗೆ ಅಲ್ಲಿ ಖೋಟಾ ನಾಣ್ಯಗಳ ರಾಶಿ ಬೀಳುತ್ತದೆ. ಚದುರಂಗ ಇದೆ. ವೇಷ ಅಂತೂ ಎಲ್ಲಾ ಕಡೆ ಇದೆ.

ಇನ್ನು ನೆಹರೂ. ನಿನ್ನ ಉತ್ತರದಲ್ಲಿ ‘ಈ ನಾಟಕ ನೆಹರೂ ಯುಗದ ಭ್ರಮನಿರಸನವನ್ನು ಪ್ರತಿಬಿಂಬಿಸುತ್ತದೆ’ ಅಂತ ಇದೆ. ಎಲ್ಲರ ಉತ್ತರದಲ್ಲೂ ಇರುತ್ತೆ. ಮಾತು ಸುಳ್ಳಲ್ಲ. ನಾಟಕ ಬಂದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷವೇ. ಅನಂತಮೂರ್ತಿಯವರೂ ಇಂಗ್ಲಿಷ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಆ ಕಾಲದ ನಿರಾಸೆಯನ್ನು ಇದಕ್ಕೆ ಜೋಡಿಸಿದ್ದಾರೆ. ಆದರೆ ಆ ವಾಕ್ಯವನ್ನು ಹಾಗೇ ಇಟ್ಟರೆ ಅದು ಹೊರಗಿನಿಂದ ತಂದು ಅಂಟಿಸಿದ ಚೀಟಿ. ನಾಟಕದ ಒಳಗಿಂದ ತೋರಿಸು. ಮೊದಲ ದೃಶ್ಯದ ಗುಂಪಿನಲ್ಲಿ ಮುದುಕನಿಗೆ ಗೊಣಗಾಟ, ಯುವಕನಿಗೆ ಉತ್ಸಾಹ, ಜನ ಜಗಳ ಆಡುವುದು ನ್ಯಾಯದ ಬಗ್ಗೆ. ಕೊನೆಕೊನೆಯ ಗುಂಪಿನಲ್ಲಿ ಜನ ಮಾತಾಡುವುದು ಹಸಿವಿನ ಬಗ್ಗೆ. ಹೊಟ್ಟೆಗೆ ಇಲ್ಲದಿರುವಾಗ ಪ್ರಾರ್ಥನೆ ಕೊಡುತ್ತಿದ್ದಾರೆ ಅಂತ ರೇಗುತ್ತಾರೆ. ಎರಡು ಗುಂಪಿನ ನಡುವೆ ಏನಾಯಿತು ಅನ್ನೋದೇ ಭ್ರಮನಿರಸನ. ಇಷ್ಟು ತೋರಿಸಿದ ಮೇಲೆ ನೆಹರೂ ಹೆಸರು ಒಂದು ಸಲ ಹೇಳು, ತೂಕ ಬರುತ್ತದೆ.

ಇತಿಹಾಸದ ವಿಷಯದಲ್ಲಿ ನಿಮ್ಮಂಥವರ ಹತ್ತಿರ ಒಂದು ಅಪಾಯ ಇದೆ. ಸಾಮಾನ್ಯ ಅಧ್ಯಯನದ ಪತ್ರಿಕೆಗೆ ಓದಿದ್ದೆಲ್ಲ ಇಲ್ಲಿಗೆ ಬಂದು ಸುರಿಯುತ್ತದೆ. 1325ರಿಂದ 1351ರವರೆಗೆ ಆಳಿದ, ಗಂಗಾ ಯಮುನೆಯರ ನಡುವಿನ ದೋಆಬ್‌ನಲ್ಲಿ ತೆರಿಗೆ ಏರಿಸಿದ, ತಾಮ್ರದ ನಾಣ್ಯ ತಂದ, ಹೀಗೆ ನೋಟ್ಸ್‌ನ ವಾಸನೆ. ಸಾಹಿತ್ಯದ ಪತ್ರಿಕೆಯಲ್ಲಿ ಅದಕ್ಕೆ ಬೆಲೆ ಬರೋದು ನಾಟಕಕಾರ ಇತಿಹಾಸದಿಂದ ಎಲ್ಲಿ ಸರಿದ ಅಂತ ಹೇಳುವಾಗ ಮಾತ್ರ. ಬರನಿಯನ್ನು ನೋಡು. ಅವನು ನಿಜವಾದ ಇತಿಹಾಸಕಾರ, ನಮಗೆ ತುಘಲಕನ ಕಥೆ ಬಹುಪಾಲು ತಿಳಿದಿರೋದೇ ಅವನ ಬರಹದಿಂದ. ಕಾರ್ನಾಡರು ಆ ಇತಿಹಾಸ ಬರೆದವನನ್ನೇ ಪಾತ್ರ ಮಾಡಿ ಸುಲ್ತಾನನ ಪಕ್ಕ ನಿಲ್ಲಿಸಿದ್ದಾರೆ, ಕೊನೆಗೆ ಅವನೂ ಬಿಟ್ಟು ಹೋಗುತ್ತಾನೆ. ಆದರೆ ಅಜೀಜ್‌ಗೂ ಅವನ ಜೊತೆಗಾರ ಆಜಂಗೂ ನಾಟಕದಲ್ಲಿ ಇಷ್ಟೊಂದು ಜಾಗ ಯಾಕೆ? ಒಬ್ಬ ಅಗಸ, ಒಬ್ಬ ಜೇಬುಗಳ್ಳ.

ಇದಕ್ಕೆ ಉತ್ತರ ಕಂಪನಿ ನಾಟಕದಲ್ಲಿದೆ. ಮುಂದೆ ಒಂದು ಪರದೆ ಇಳಿಬಿಟ್ಟು, ಅದರ ಮುಂದಿನ ಸಣ್ಣ ಜಾಗದಲ್ಲಿ ರಸ್ತೆ ಸೀನು. ಅಲ್ಲಿ ಹಾಸ್ಯಗಾರರು, ಕೆಳಗಿನ ಜನ. ಅಷ್ಟರಲ್ಲಿ ಹಿಂದೆ ಅರಮನೆ ಸಿದ್ಧವಾಗುತ್ತದೆ, ಪರದೆ ಏಳುತ್ತದೆ, ರಾಜ ಕಾಣುತ್ತಾನೆ. ಶಿರಸಿಯಲ್ಲಿ ಹುಡುಗನಾಗಿದ್ದಾಗ ಇಂಥ ನಾಟಕ ನೋಡಿ ಬೆಳೆದವರು ಕಾರ್ನಾಡರು, ತುಘಲಕ್ ಬರೆಯುವಾಗ ಈ ಕಟ್ಟನ್ನೇ ಬಳಸಿದ್ದಾಗಿ ಅವರೇ ಬರೆದಿದ್ದಾರೆ. ಅಜೀಜ್ ಆ ರಸ್ತೆ ಸೀನಿನವನು. ನಗಿಸಿ ಹೋಗಬೇಕಾದವನು. ಆದರೆ ಇವನು ಹೋಗಲ್ಲ. ಮೊದಲ ದೃಶ್ಯದಲ್ಲಿ ವಿಷ್ಣುಪ್ರಸಾದ ಎಂಬ ಬ್ರಾಹ್ಮಣನಾಗಿ ಸುಲ್ತಾನನ ಮೇಲೇ ಮೊಕದ್ದಮೆ ಗೆದ್ದು 500 ಬೆಳ್ಳಿ ದಿನಾರು, ಜೊತೆಗೆ ಸರ್ಕಾರಿ ಕೆಲಸ ಗಿಟ್ಟಿಸುತ್ತಾನೆ. ದೌಲತಾಬಾದಿನ ದಾರಿಯಲ್ಲಿ ಅಧಿಕಾರಿಯಾಗಿ, ಸಾಯುತ್ತಿರುವ ಮಗುವನ್ನು ಹಕೀಮನ ಹತ್ತಿರ ಒಯ್ಯಬೇಕು ಅಂತ ಅಂಗಲಾಚುವ ತಾಯಿಯ ಹತ್ತಿರ ಲಂಚ ಕೇಳುತ್ತಾನೆ. ಹೀಗೇ ಹತ್ತಿರ ಹತ್ತಿರ ಬಂದು, ಕೊನೆಯ ದೃಶ್ಯದಲ್ಲಿ ಅರಮನೆಯ ಒಳಗೇ ಸುಲ್ತಾನನ ಎದುರು ನಿಲ್ಲುತ್ತಾನೆ. ತಾನೇ ನಿಮ್ಮ ನಿಜವಾದ ಶಿಷ್ಯ ಅನ್ನುತ್ತಾನೆ. ಸುಲ್ತಾನ ಅವನನ್ನು ಕೊಲ್ಲಿಸಲ್ಲ, ಅಧಿಕಾರ ಕೊಟ್ಟು ಕಳಿಸುತ್ತಾನೆ. ಪರದೆಯ ಮುಂದಿನವನೂ ಹಿಂದಿನವನೂ ಒಂದೇ ಜಾಗದಲ್ಲಿ ನಿಂತಾಗ ಇವರಿಬ್ಬರಲ್ಲಿ ವ್ಯತ್ಯಾಸ ಏನು ಅನ್ನೋ ಪ್ರಶ್ನೆ ನೋಡುವವನಿಗೆ ಏಳುತ್ತದಲ್ವಾ? ಅದನ್ನು ಎಬ್ಬಿಸಿದ್ದು ಸಂಭಾಷಣೆ ಅಲ್ಲ, ನಾಟಕದ ಕಟ್ಟು. ‘ರಚನೆ’ ಅಂತ ಪ್ರಶ್ನೆ ಬಂದಾಗ ಪಾತ್ರ, ಸಂಭಾಷಣೆ, ಸನ್ನಿವೇಶ ಅಂತ ಉಪಶೀರ್ಷಿಕೆ ಹಾಕಿ ತುಂಬಿಸೋದಕ್ಕಿಂತ ಇದು ಸಾವಿರ ಪಾಲು ಮೇಲು.

ಶೂದ್ರ ತಪಸ್ವಿಗೆ ಬರೋಣ. ನಿನಗೆ ಇದು ಬೇಜಾರು ಹಿಡಿಸಿದೆ ಅಂತ ಉತ್ತರದಲ್ಲೇ ಗೊತ್ತಾಗುತ್ತದೆ. ಸರಳ ರಗಳೆ ಎಂಬ ಪ್ರಾಸವಿಲ್ಲದ ಪದ್ಯ, ಹಳೆಯ ಮಾತು, ಓದೋಕೆ ಕಷ್ಟ. ರೂಮಿನ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದು. ಪಕ್ಕದ ರೂಮಿನವರು ಬೈದರೆ ಬೈಯಲಿ.

ಈ ನಾಟಕದಲ್ಲಿ ಒಂದೇ ಒಂದು ಕ್ಷಣ ಹಿಡಿ: ಬಾಣ ತಿರುಗುವ ಕ್ಷಣ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಏನಿದೆ? ಬ್ರಾಹ್ಮಣನ ಮಗ ಸತ್ತ, ಕಾರಣ ಶೂದ್ರ ಶಂಬೂಕ ತಪಸ್ಸು ಮಾಡುತ್ತಿರುವುದು ಅಂತ ಹೇಳಿದರು. ರಾಮ ಹೋಗಿ ಕತ್ತಿಯಿಂದ ಅವನ ತಲೆ ಕಡಿದ. ಅದೇ ಗಳಿಗೆಯಲ್ಲಿ ಮಗು ಎದ್ದಿತು. ಮಗು ಎದ್ದದ್ದೇ ಅಲ್ಲಿ ಸಾಕ್ಷಿ: ಶೂದ್ರ ತಪಸ್ಸು ಮಾಡಿದ್ದು ಪಾಪ ಅಂತ. ಕುವೆಂಪು 1944ರಲ್ಲಿ ಏನು ಮಾಡಿದರು? ರಾಮ ಬ್ರಹ್ಮಾಸ್ತ್ರ ಬಿಡುತ್ತಾನೆ, ಯಾರು ನಿಜವಾದ ಪಾಪಿಯೋ ಅವರನ್ನು ಹುಡುಕು ಅಂತ. ಅದು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಅವನಿಗೆ ಬುದ್ಧಿ ಬಂದು ಶಂಬೂಕನಿಗೆ ತಲೆಬಾಗಿದಾಗ ಮಗ ಬದುಕುತ್ತಾನೆ. ಮಗು ಏಳುವುದು ಎರಡು ಕಡೆಯೂ ಒಂದೇ. ಆದರೆ ಸಾಕ್ಷಿ ಪೂರ್ತಿ ತಲೆಕೆಳಗು. ಪಾಪ ಇದ್ದದ್ದು ತಪಸ್ಸಿನಲ್ಲಲ್ಲ, ತಪಸ್ಸನ್ನು ಪಾಪ ಅಂದವನಲ್ಲಿ. ಹಳೆಯ ಕಥೆಯ ಅದೇ ಪವಾಡವನ್ನು ಇಟ್ಟುಕೊಂಡು ಅರ್ಥವನ್ನು ಮಾತ್ರ ಉಲ್ಟಾ ಮಾಡಿದ್ದು ಎಷ್ಟು ಚಾಣಾಕ್ಷ ಕೆಲಸ ನೋಡು.

ಮಾಸ್ತಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹೊಸ ವಿಚಾರ ಹೇಳಬೇಕಿದ್ದರೆ ಹೊಸ ಕಥೆ ಕಟ್ಟಲಿ, ಪುರಾಣದ ಕಥೆಯನ್ನು ಯಾಕೆ ಹೀಗೆ ಬದಲಿಸಬೇಕು ಅನ್ನುವ ಧಾಟಿ ಅವರದು. ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ಈ ಚರ್ಚೆ ನಿನಗೆ ಬಂಗಾರ. ಆದರೆ ‘ಮಾಸ್ತಿ ಹೀಗೆ ಅಂದರು, ಕುವೆಂಪು ಹೀಗೆ ಅಂದರು’ ಅಂತ ಬಿಟ್ಟರೆ ಅದು ವರದಿ. ನೀನು ಯಾರ ಕಡೆ? ಹೇಳು. ನನಗೆ ಕೇಳಿದರೆ, ಹೊಸ ಕಥೆಯಲ್ಲಿ ಈ ಏಟು ಬೀಳುತ್ತಲೇ ಇರಲಿಲ್ಲ. ಹಳೆಯದನ್ನು ಬಲ್ಲ ಓದುಗ ಶಂಬೂಕನ ತಲೆ ಬೀಳುತ್ತದೆ ಅಂತ ಕಾಯುತ್ತಿರುತ್ತಾನೆ, ಬಾಣ ತಿರುಗುತ್ತದೆ. ಆ ಕಾಯುವಿಕೆ ಹಳೆಯ ಕಥೆಯ ಕೊಡುಗೆ. ಹಾಗಂತ ನನಗೆ ನಾಟಕದ ಮೇಲೆ ತಕರಾರಿಲ್ಲ ಅಂತಲ್ಲ. ಶಂಬೂಕನ ಹೆಸರಿನ ನಾಟಕದಲ್ಲಿ ಬದಲಾಗುವವನು ಬ್ರಾಹ್ಮಣ, ಕಳಂಕದಿಂದ ಪಾರಾಗುವವನು ರಾಮ. ಶಂಬೂಕನಿಗೆ ಸಿಕ್ಕಿದ್ದು ನಮಸ್ಕಾರ. ಇಷ್ಟು ಸಾಕೇ ಅಂತ ಇವತ್ತಿನ ಓದುಗ ಕೇಳಬಹುದು, ಕೇಳಲೇಬೇಕು. ಕುವೆಂಪು ಬಗ್ಗೆ ಹೀಗೆ ಬರೆದರೆ ಅಂಕ ಕಡಿಮೆಯಾಗುತ್ತೆ ಅಂತ ಹೆದರಬೇಡ. ನಾಟಕದ ಒಳಗಿನಿಂದ ಎತ್ತಿದ ಪ್ರಶ್ನೆಗೆ ಯಾರೂ ಅಂಕ ಕಳೆಯಲ್ಲ. ಹೊಗಳಿಕೆಗೆ ಮಾತ್ರ ಏನೂ ಸಿಗಲ್ಲ. ‘ಯುಗದ ಕವಿ, ಜಗದ ಕವಿ’ ಅಂತ ಶುರು ಮಾಡಿದ ಉತ್ತರಗಳನ್ನು ನೋಡಿ ನೋಡಿ ಸಾಕಾಗಿದೆ.

ಒಂದು ಸ್ವಾರಸ್ಯ ಗಮನಿಸಿದ್ದೀಯಾ? ಎರಡು ನಾಟಕದಲ್ಲೂ ನ್ಯಾಯ ಕೇಳಿ ಬಂದ ಒಬ್ಬ ಬ್ರಾಹ್ಮಣನ ದೂರು ಇದೆ. ಒಂದರಲ್ಲಿ ಬ್ರಾಹ್ಮಣ ನಿಜ, ದೂರು ಸುಳ್ಳು. ಇನ್ನೊಂದರಲ್ಲಿ ಬ್ರಾಹ್ಮಣನೇ ಸುಳ್ಳು. ರಾಮನ ಬಾಣಕ್ಕೆ ಸತ್ಯ ಗೊತ್ತು, ಅದು ಸರಿಯಾದ ಕಡೆ ಹೋಗುತ್ತದೆ. ತುಘಲಕನ ನ್ಯಾಯಕ್ಕೆ ಎದುರಿಗಿರುವವನು ಯಾರು ಅಂತಲೇ ಗೊತ್ತಿಲ್ಲ. ನಡುವೆ ಇಪ್ಪತ್ತು ವರ್ಷ, ಅದರಲ್ಲಿ ಸ್ವಾತಂತ್ರ್ಯ ಬಂದು ಹೋಗಿದೆ. ಎರಡನ್ನೂ ಸೇರಿಸಿ ‘ಆಧುನಿಕ ಕನ್ನಡ ನಾಟಕದಲ್ಲಿ ಪುರಾಣ ಮತ್ತು ಇತಿಹಾಸದ ಮರುಸೃಷ್ಟಿ’ ಅಂತೇನಾದರೂ ಕೇಳಿದರೆ ಇಲ್ಲಿಂದ ಶುರು ಮಾಡು. ಇನ್ನೊಬ್ಬರ ಪತ್ರಿಕೆಯಲ್ಲಿ ಇರಲಿಕ್ಕಿಲ್ಲ. (ಈಗ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ, ಇನ್ನು ಇದ್ದರೂ ಇರಬಹುದು!)

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಉದ್ಧರಣೆ ಜಾಸ್ತಿ ಬೇಡ. ಒಂದು ಸಾಲು, ಅದೂ ಮೂಲದಲ್ಲಿ ಇರುವ ಹಾಗೇ ನೆನಪಿದ್ದರೆ ಮಾತ್ರ ಹಾಕು. ನೆನಪಿಲ್ಲದಿದ್ದರೆ ಸನ್ನಿವೇಶ ಹೇಳು, ಉದ್ಧರಣ ಚಿಹ್ನೆ ಹಾಕಬೇಡ. ಐದನೇ ಪ್ರಶ್ನೆ ಕಡ್ಡಾಯ ಅಲ್ವಾ, ಅದರಲ್ಲಿ ನಾಟಕದ ಸಾಲು ಕೊಟ್ಟು ವಿವರಿಸು ಅಂದಾಗ ಯಾರು ಯಾರಿಗೆ ಹೇಳಿದ್ದು ಅಂತ ಒಂದು ವಾಕ್ಯದಲ್ಲಿ ಮುಗಿಸಿ, ಆ ಮಾತು ಹೇಳುವಾಗ ರಂಗದ ಮೇಲೆ ಇನ್ಯಾರಿದ್ದಾರೆ, ಅವರಿಗೆ ಅದು ಹೇಗೆ ಕೇಳಿಸುತ್ತದೆ ಅನ್ನೋದಕ್ಕೆ ಬಾ. 150 ಪದದಲ್ಲಿ ಅಷ್ಟಕ್ಕೇ ಜಾಗ. ‘ಚರ್ಚಿಸಿ’ ಅಂದಾಗ ಎದುರು ವಾದಕ್ಕೂ ಒಂದು ಪ್ಯಾರಾ ಕೊಡು. ಕೊನೆಯಲ್ಲಿ ‘ಹೀಗೆ ಈ ನಾಟಕ ಸಾರ್ವಕಾಲಿಕವಾಗಿದೆ’ ಅನ್ನೋ ಸಾಲು ದಯವಿಟ್ಟು ಬಿಡು.

ಆಮೇಲೆ, ಯಾವುದಾದರೂ ಒಂದು ಭಾನುವಾರ ಮಾಕ್ ಟೆಸ್ಟ್ ಇಲ್ಲದಾಗ ರವೀಂದ್ರ ಕಲಾಕ್ಷೇತ್ರಕ್ಕೋ ರಂಗಶಂಕರಕ್ಕೋ ಹೋಗು. ತುಘಲಕ್ಕೇ ಸಿಗಬೇಕು ಅಂತಿಲ್ಲ. ಬೆಳಕು ಯಾರ ಮೇಲೆ ಬಿತ್ತು, ಮಾತಿಲ್ಲದವನು ಏನು ಮಾಡುತ್ತಿದ್ದ ಅಂತ ನೋಡ್ತಾ ಕೂತರೆ ಪುಸ್ತಕದಲ್ಲಿ ಕಂಸದೊಳಗೆ ಸಣ್ಣ ಅಕ್ಷರದಲ್ಲಿರುವ ರಂಗಸೂಚನೆ ಓದುವ ಅಭ್ಯಾಸ ಬರುತ್ತದೆ. ನೀನು ಅದನ್ನು ಹಾರಿಸಿಕೊಂಡು ಓದ್ತೀಯ ಅಂತ ನನಗೆ ಗೊತ್ತು. ತುಘಲಕ್ ನಾಟಕದ ಕೊನೆ ಇರೋದೇ ರಂಗಸೂಚನೆಯಲ್ಲಿ.

ಈಗ ಕೆಲಸ. ಪ್ರಶ್ನೆ ಇದು: ‘ತುಘಲಕ್ ನಾಟಕದಲ್ಲಿ ಮಲತಾಯಿಯ ಪಾತ್ರದ ಮಹತ್ವವನ್ನು ವಿಮರ್ಶಿಸಿ’, 15 ಅಂಕ. ಸುಲ್ತಾನನ ಸಲಹೆಗಾರ ನಜೀಬನನ್ನು ಕೊಲ್ಲಿಸಿದ್ದು ತಾನೇ ಅಂತ ಅವಳು ಒಪ್ಪಿಕೊಳ್ಳುವ ದೃಶ್ಯ ಮಾತ್ರ ಇಟ್ಟುಕೋ, ಬೇರೆ ಎಲ್ಲೂ ಹೋಗಬೇಡ. ಹನ್ನೊಂದು ನಿಮಿಷಕ್ಕೆ ಅಲಾರಂ ಇಟ್ಟು, ಕೈಯಲ್ಲಿ ಬರೆದು, ಫೋಟೋ ತೆಗೆದು ಕಳಿಸು. ಟೈಪ್ ಮಾಡಿ ಕಳಿಸಿದರೆ ಓದಲ್ಲ. ಕೆಂಪು ಪೆನ್ನು ಇಲ್ಲೇ ಇಟ್ಟುಕೊಂಡಿದ್ದೇನೆ.

ಅಮ್ಮನಿಗೆ ನಮಸ್ಕಾರ ಹೇಳು. ಊಟ ಬಿಡಬೇಡ.

ನಿನ್ನ,
ರಾಘು